ಎರಡು ಸ್ವಿಚ್ಚು

ಸಿಂಕಿನ ಮೇಲೆ ಅಕ್ಕಪಕ್ಕ ಎರಡು ಸ್ವಿಚ್ಚು.
ಒಂದು ಗ್ಯಾಸು, ಒಂದು ಕರೆಂಟು.
ಅಕ್ಷರ ಅಳಿಸಿಹೋಗಿ ವರ್ಷವಾಯಿತು;
ಗ್ಯಾಸಿನದಕ್ಕೆ ಓಪಲ್ ತನ್ನ ಉಗುರುಬಣ್ಣದ ಕೆಂಪು ಚುಕ್ಕಿ ಇಟ್ಟಿದ್ದಾಳೆ,
ಇನ್ನೊಂದಕ್ಕೆ ಏನೂ ಇಲ್ಲ.

ಅಕ್ಟೋಬರು. ಉತ್ತರ ಡಕೋಟಾ. ಸಕ್ಕರೆ ಬೀಟು ಕೀಳುವ ಕಾಲ.
ಗಾಡಿ ನಿಲ್ಲಿಸಲು ಜಾಗ ಕಾರ್ಖಾನೆಯವರದು, ಕರೆಂಟೂ ಅವರದೇ.
ಗ್ಯಾಸು ಮಾತ್ರ ನಮ್ಮ ಕೈಯಿಂದ.
ಬೆಳಗಿನ ಎಂಟರಿಂದ ರಾತ್ರಿ ಎಂಟು ನನ್ನದು,
ರಾತ್ರಿ ಎಂಟರಿಂದ ಬೆಳಗಿನ ಎಂಟು ಅವಳದು.
ಒಂದೇ ಹಾಸಿಗೆ. ಒಬ್ಬಳ ಮೈ ಮಾಡಿದ ಗುಳಿಯಲ್ಲಿ ಇನ್ನೊಬ್ಬಳ ನಿದ್ದೆ.
ಅಕ್ಕ ತಂಗಿ ಮುಖ ನೋಡುವುದು ಬೀಟಿನ ರಾಶಿಯ ಬುಡದಲ್ಲಿ,
ಒದ್ದೆ ಕೈಗವಸು ಕಳಚಿ ಕೊಡುವಷ್ಟು ಹೊತ್ತು.

ಕರೆಂಟಿಗೆ ನೀರು ಕಾಯಲು ಒಂದು ಗಂಟೆ ಬೇಕು, ಮೇಲೊಂದಿಷ್ಟು.
ಕೋಣೆಯ ಹೀಟರು ಓಡುವಾಗ ಅದು ಓಡಬಾರದು:
ಮೂವತ್ತು ಆಂಪಿನ ಕಂಬ ಇಬ್ಬರನ್ನೂ ಹೊರುವುದಿಲ್ಲ.
ಹಾಗಾಗಿ ಮನೆಯಲ್ಲಿದ್ದವಳು ಏಳಕ್ಕೇ ಎದ್ದು
ತನ್ನ ಬೆಚ್ಚಗನ್ನು ಆರಿಸಿ
ಬರುವವಳ ನೀರಿಗೆ ಸ್ವಿಚ್ಚು ಹಾಕಬೇಕು.
ಯಾರೂ ಮಾಡಿದ ನಿಯಮವಲ್ಲ.
ಮೂರು ಕೋಟು ಹೊದ್ದು, ಉಸಿರಿನ ಹೊಗೆ ನೋಡುತ್ತಾ
ಬ್ರೆಡ್ಡು ತಿನ್ನುವ ಆ ಒಂದು ಗಂಟೆ —
ನಮ್ಮಿಬ್ಬರ ನಡುವೆ ಮಾತು ಅಂತ ಇದ್ದದ್ದು ಅದೊಂದೇ.
(ಅಪ್ಪನ ಜಮೀನಿನ ಕಾಗದಕ್ಕೆ ಅವಳು ಸಹಿ ಹಾಕಿದ್ದಳು.
ನಾನು ಹಾಕಿರಲಿಲ್ಲ.)

ಭಾರಿ ಹಿಮ ಬೀಳುತ್ತದೆ ಅಂದ ರಾತ್ರಿ
ನಾನೇ ಟ್ಯಾಂಕು ಬಸಿದೆ, ಹಿಂದಿನ ಕವಾಟ ತಿರುಗಿಸಿದೆ.
ಬೆಳಿಗ್ಗೆ ಪೈಪು ಜೋಡಿಸಿದರೆ ನಲ್ಲಿ ಚೆನ್ನಾಗೇ ಸುರಿಯಿತು.
ಏಳು ಗಂಟೆ. ಸ್ವಿಚ್ಚು ಒತ್ತಿ ಕೆಲಸಕ್ಕೆ ಹೋದೆ.

ಹನ್ನೊಂದಕ್ಕೆ, ಲಾರಿಯೊಂದು ಬೆನ್ನೆತ್ತಿ
ಮಣ್ಣು ಮೆತ್ತಿದ ಬೀಟು ಸುರಿಯುತ್ತಿದ್ದಾಗ
ಎದೆ ಧಸಕ್ಕೆಂದಿತು:
ಕವಾಟದ ಹಿಡಿ ಇನ್ನೂ ಅಡ್ಡಕ್ಕೇ ಇದೆ.
ನಲ್ಲಿಗೆ ನೀರು ಬಂದರೆ ಟ್ಯಾಂಕಿಗೂ ಬಂತು ಅಂತಲ್ಲ.
ಬರಿದು ಟ್ಯಾಂಕಿನೊಳಗೆ ಆ ಕಂಬಿ ಸುಟ್ಟು ಹೋಗಲು
ಅರೆ ನಿಮಿಷ ಸಾಕು.
ನಾಲ್ಕು ತಾಸಾಗಿತ್ತು.

ರಾತ್ರಿ ಎಂಟಕ್ಕೆ ಓಪಲ್ ಬಂದಳು. ಕೂದಲು ತೊಳೆದಿರಲಿಲ್ಲ.
ಕಿವಿಯ ಹಿಂದೆ ನಿನ್ನೆಯ ಮಣ್ಣು.
ಹೇಳಬೇಕೆಂದು ಬಾಯಿ ತೆರೆದೆ.
‘ಮೂರನೇ ಬೆಲ್ಟು ಜಾರುತ್ತಿದೆ, ನೋಡಿಕೋ’ ಅಂದೆ.

ಗಾಡಿಯ ಬಾಗಿಲು ತೆಗೆದರೆ ಕನ್ನಡಿಗೆ ಹಬೆ.
ಗೋಡೆಯಾಚೆ ಟಿಕ್ ಟಿಕ್ ಟಿಕ್,
ಆಮೇಲೆ ಯಾರೋ ಒಲೆ ಊದಿದ ಹಾಗೆ ಭುಸ್ಸೆಂದು ಬೆಂಕಿ.
ಕೆಂಪು ಚುಕ್ಕಿಯ ಸ್ವಿಚ್ಚು ಹಾಕಿತ್ತು.
ಅದರ ಪಕ್ಕದ್ದೂ ಹಾಕಿತ್ತು,
ಸತ್ತದ್ದು.

ಹಿಂದೆ ಹೋಗಿ ನೋಡಿದೆ. ಕವಾಟದ ಹಿಡಿ ನೆಟ್ಟಗಾಗಿದೆ.

ಅವಳಿಗೆ ಗೊತ್ತು.
ಅವಳಿಗೆ ಗೊತ್ತೆಂದು ನನಗೆ ಗೊತ್ತಾಗಬಾರದೆಂದು
ಸತ್ತ ಸ್ವಿಚ್ಚನ್ನೂ ಒತ್ತಿಟ್ಟು ಹೋಗಿದ್ದಾಳೆ.
ಆರು ಗ್ಯಾಲನ್ ನೀರು. ಐದು ನಿಮಿಷದ ಸ್ನಾನ.
ಅಷ್ಟರಲ್ಲಿ ಎಷ್ಟು ಅಳಬಹುದೋ ಅಷ್ಟೇ.

ಈಗ ಹನ್ನೆರಡನೇ ದಿನ.
ಏಳಕ್ಕೇ ಏಳುತ್ತೇನೆ, ಹೀಟರು ಆರಿಸುತ್ತೇನೆ.
ಆರಿಸುವ ಅಗತ್ಯವೇ ಇಲ್ಲ, ಗ್ಯಾಸಿಗೂ ಕಂಬಕ್ಕೂ ಏನು ಸಂಬಂಧ?
ಆದರೂ ಆರಿಸಿ, ಎರಡೂ ಸ್ವಿಚ್ಚು ಹಾಕಿ
ಮೂರು ಕೋಟಿನಲ್ಲಿ ಕೂರುತ್ತೇನೆ.
ಸಿಲಿಂಡರು ಅವಳು ತುಂಬಿಸಿದ್ದು ಒಂದು ಸಲ, ನಾನು ಎರಡು ಸಲ.
ಲೆಕ್ಕ ಯಾರೂ ಕೇಳಿಲ್ಲ.

ಇವತ್ತು ರಾಶಿಯ ಬುಡದಲ್ಲಿ ಕೈಗವಸು ಕೊಡುತ್ತಾ
‘ಈಗೀಗ ನೀರು ಬೇಗ ಕಾಯುತ್ತಲ್ಲಾ’ ಅಂದಳು.
‘ಹೌದು, ಕರೆಂಟು ಚೆನ್ನಾಗಿ ಬರುತ್ತಿದೆ’ ಅಂದೆ.
ಲಾರಿಯ ದೀಪ ಅವಳ ಮುಖದ ಮೇಲೆ ಹಾಯ್ದು ಹೋಯಿತು.
ನಕ್ಕಳೋ, ಚಳಿಗೆ ಹಲ್ಲು ಕಡಿದಳೋ.