ಸಂದು

ಗ್ಯುಮ್ರಿಯಲ್ಲಿ ಜನವರಿ. ಬೀಗದ ಕೈ ಬೆರಳಿಗೇ ಅಂಟುವ ಚಳಿ.
ಹಿಮ ಕಚ್ಚಿದ ತಗಡಿನ ಬಾಗಿಲನ್ನು ನಾನು ಒದೆಯುತ್ತಿದ್ದರೆ
ಮಿಸಾಕ್ ಹಿಂದಿನ ಕಿಟಕಿಯಿಂದ ಒಳಹೊಕ್ಕು
ಕಾಫಿಗೆ ನೀರಿಟ್ಟಾಗಿತ್ತು.

ಮೊದಲ ಗಿರಾಕಿ ಗೆಘಾಮ್. ಅವನ ಬಿಳಿ ಜಿಗುಲಿ ಟ್ಯಾಕ್ಸಿ
ದಮ್ಮು ಹತ್ತಿದವರಂತೆ ತಡವರಿಸುತ್ತ ಬಂದು ನಿಂತಿತು.
"ಹೊಸ ಪ್ಲಗ್ಗು ಮಿಸಾಕ್, ಇರಿಡಿಯಂ!
ನಾಲ್ಕಕ್ಕೆ ಒಂದು ಕುರಿಯ ದುಡ್ಡು.
ಕಾರು ಹಾರುತ್ತದೆ ಅಂದಿದ್ದ ಅಂಗಡಿಯವನು.
ಹಾರಾಡಿದ್ದು ನನ್ನ ಹೆಂಡತಿ."

ಮಿಸಾಕ್ ಅವನಿಗೆ ಉತ್ತರ ಕೊಡಲಿಲ್ಲ.
"ನ್ವಾರ್ದ್, ಬಿಚ್ಚು" ಅಂದ ನನಗೆ.
ಹದಿನೇಳು ವರ್ಷ ನನಗಾಗ. ಕೈಗವಸು ತೆಗೆದು
ನಾಲ್ಕನ್ನೂ ಬಿಚ್ಚಿ ಚಿಂದಿಬಟ್ಟೆಯ ಮೇಲೆ ಸಾಲಾಗಿಟ್ಟೆ.

ಬಾಯಿ ಬಿಟ್ಟರೆ ಬಣ್ಣಗೇಡು
ಎನ್ನುವುದು ಮನುಷ್ಯರಿಗಿಂತ ಪ್ಲಗ್ಗಿಗೇ ಸರಿ.
ಗೋಡೆಯ ಹಲಗೆಯಲ್ಲಿ ತೂತು ಕೊರೆದು
ಹಳೆಯ ಪ್ಲಗ್ಗುಗಳನ್ನು ಮಿಸಾಕ್ ಸಿಕ್ಕಿಸಿದ್ದ, ನನ್ನ ಪಾಠಕ್ಕೆ:
ಮಸಿ ಬಳಿದದ್ದು, ಹೊಟ್ಟೆಗೆ ಹೆಚ್ಚು ಪೆಟ್ರೋಲು ಬಿದ್ದದ್ದು;
ಎಣ್ಣೆ ಜಿನುಗಿದ್ದು, ಪಿಸ್ಟನ್ ರಿಂಗು ಸವೆದದ್ದು;
ಬೆಳ್ಳಗೆ ಬೊಬ್ಬೆಯೆದ್ದದ್ದು, ಕಾವು ತಾಳದೆ ಬೆಂದದ್ದು.
ಹಾಲು ಬೆರೆತ ಕಾಫಿಯ ಬಣ್ಣಕ್ಕಿದ್ದರೆ ಮಾತ್ರ
"ಇದಕ್ಕೆ ನಿದ್ದೆ ಚೆನ್ನಾಗಿ ಬರುತ್ತೆ" ಅನ್ನುತ್ತಿದ್ದ.
ಮೂಲೆಯಲ್ಲೊಂದು ಒಂಟಿ ಪ್ಲಗ್ಗಿತ್ತು.
ಅದರ ಪಾಠ ಎಂದೂ ಆಗಲಿಲ್ಲ.

"ನೋಡು, ಪಿಂಗಾಣಿಯ ಮೂಗು.
ಉದ್ದವಿದ್ದರೆ ಕಾವು ನಿಧಾನಕ್ಕೆ ಇಳಿಯುತ್ತೆ,
ತನ್ನ ಮಸಿ ತಾನೇ ಸುಟ್ಟುಕೊಳ್ಳುತ್ತೆ.
ಊರೊಳಗೇ ಕುಂಟುವ ಬಂಡಿಗೆ ಅದು ಸಾಕು.
ಇವನದು ಮೊಂಡು ಮೂಗು, ಬೇಗ ತಣಿಯುವಂಥದ್ದು,
ಆರು ಜನರನ್ನು ತುಂಬಿ ಗುಡ್ಡ ಹತ್ತುವವನಿಗೆ ಸರಿಯಾಗಿದೆ.
ತುದಿಯೂ ಸರಿ. ಸೂಜಿಯಷ್ಟು ಸಣ್ಣ,
ಕಿಡಿಗೆ ನೆಗೆಯಲು ಸಲೀಸು.
ದಪ್ಪ ತುದಿ ಆಗತಾನೇ ಹುಟ್ಟಿದ ಉರಿಯ ಕಾವನ್ನು
ತಾನೇ ಕುಡಿದುಬಿಡುತ್ತೆ, ಕೂಸಿನ ಹಾಲು ಕುಡಿದ ಹಾಗೆ."

"ಮತ್ತೆ ತಪ್ಪು ಯಾರದು?" ಗೆಘಾಮ್ ಕಿಡಿಕಾರಿದ.
(ಕಿಡಿ ಕಾರಬೇಕಾದದ್ದು ಕಾರದಿದ್ದಾಗ
ಯಾರಾದರೂ ಕಾರಲೇಬೇಕಲ್ಲ.)

"ನಿನ್ನ ಡಿಕ್ಕಿಯಲ್ಲಿರುವ ಗ್ಯಾಸ್ ಸಿಲಿಂಡರಿನದು" ಅಂದ ಮಿಸಾಕ್.
ಪೆಟ್ರೋಲಿಗೆ ಬಿಟ್ಟ ಸಂದು ಗ್ಯಾಸಿಗೆ ಹೆಚ್ಚು.
ಸಮತಟ್ಟಿನಲ್ಲಿ ಹೇಗೋ ದಾಟುತ್ತೆ.
ಏರಿನಲ್ಲಿ, ಒಳಗೆ ಒತ್ತಡ ಬಿಗಿದಾಗ,
ಮುದಿ ಕಾಯಿಲ್‌ಗೆ ಆ ಹಳ್ಳ ಹಾರಲಾಗದು.

"ನಡುವಿನ ಮುಳ್ಳು ಮುಟ್ಟಬೇಡ, ಮುರಿಯುತ್ತೆ.
ಹೊರಗಿನ ಕೊಕ್ಕೆ ಬಾಗಿಸು. ಇನ್ನೂ. ಸಾಕು."
ಒಂದು ಮಿಲಿಮೀಟರಿನ ಮೇಲಿದ್ದದ್ದು ಮುಕ್ಕಾಲಾಯಿತು.
ಕೂದಲೆಳೆಯ ಲೆಕ್ಕದಲ್ಲಿ ಐದಾರು ಎಳೆ.
ಏನಾದರೂ ದೊಡ್ಡ ಮಾತು ಹೇಳುತ್ತಾನೆಂದು ಕಾದೆ.
"ಕಾಫಿ ಆರಿಹೋಯ್ತು" ಅಂದ.

ಕೋಟೆ ಗುಡ್ಡದ ಏರಿನಲ್ಲಿ ಮೂರನೇ ಗೇರು.
ಮಿಸಾಕ್ ಕಣ್ಣು ಮುಚ್ಚಿ ಕೂತಿದ್ದ.
ಎಲ್ಲೂ ಮುಗ್ಗರಿಸಲಿಲ್ಲ ಜಿಗುಲಿ.
ಗೆಘಾಮ್ ಖುಷಿಗೆ ರೇಡಿಯೊ ಹಚ್ಚಿದ.
ಹೊಸ ಪ್ಲಗ್ಗಿನೊಳಗಿನ ರೆಸಿಸ್ಟರ್
ಕರಕರ ಸದ್ದನ್ನೆಲ್ಲ ನುಂಗಿಬಿಟ್ಟಿತ್ತು.
ಹಾಡು ನೀರಿನಷ್ಟು ತಿಳಿ.

ಮಿಸಾಕ್ ಹೇಳಿದ, ರಸ್ತೆ ನೋಡುತ್ತಲೇ:
"ಭೂಕಂಪವಾದ ವಾರ ರೇಡಿಯೊದಲ್ಲಿ
ಸಿಕ್ಕವರ ಹೆಸರು ಓದುತ್ತಿದ್ದರು.
ಆಗಿನ ಪ್ಲಗ್ಗುಗಳಿಗೆ ಈ ಉಪಾಯ ಇರಲಿಲ್ಲ.
ಎಂಜಿನ್ ಓಡುವಾಗ ಹೆಸರು ಕೇಳಿಸದು.
ಆರಿಸುವುದು, ಕೇಳುವುದು, ಚಳಿಗೆ ಮತ್ತೆ ಹಚ್ಚುವುದು.
ಆರಿಸುವುದು, ಕೇಳುವುದು.
ನಾಲ್ಕನೇ ರಾತ್ರಿ ಹತ್ತಲೇ ಇಲ್ಲ."

ಗೆಘಾಮ್ ರೇಡಿಯೊದ ದನಿ ತಗ್ಗಿಸಿದ.
"ಯಾಕೆ? ಇರಲಿ, ಚೆನ್ನಾಗಿದೆ" ಅಂದ ಮಿಸಾಕ್.

ಸಂಜೆ ಆತ ರೊಟ್ಟಿ ತರಲು ಹೋದಾಗ
ಮೂಲೆಯ ಒಂಟಿ ಪ್ಲಗ್ಗನ್ನು ಕಿತ್ತು
ದೀಪದ ಕೆಳಗೆ ಹಿಡಿದೆ.
ಅಳತೆ ಗೇಜಿನ ಎಲೆಗಳನ್ನು
ಒಂದೊಂದಾಗಿ ತೂರಿಸಿ ನೋಡಿದೆ.
ಮಸಿ ಗಟ್ಟಿಯಾಗಿ ಸಂದೇ ಮುಚ್ಚಿಹೋಗಿತ್ತು.
ಎಲ್ಲಕ್ಕಿಂತ ತೆಳ್ಳಗಿನ ಎಲೆಯೂ ಹೋಗಲಿಲ್ಲ.

ಒರೆಸಲಿಲ್ಲ.
ಇದ್ದ ತೂತಿಗೆ, ಇದ್ದ ಮುಖ ಮಾಡಿ, ಸಿಕ್ಕಿಸಿದೆ.