ಎರಡು ಸದ್ದು

ಮೊದಲ ಸಲ ಅದು ಟಕ್ ಅಂದಾಗ
ನಮ್ಮತ್ತಿ ಪಡಸಾಲ್ಯಾಗ ಕುಂತು
ಕೆಳಗಿನ ಓಣಿ ಸೊಸಿ ಬಗ್ಗೆ ಏನೋ ಅನ್ನಾಕತ್ತಿದ್ಲು.
ಹಲ್ಲಿ ನುಡೀತು ಅಂತ ತಿಳಕೊಂಡು
ಬೆರಳ ಗಂಟಿಲೆ ನೆಲಕ್ಕ ಮೂರು ಸಲ ಬಡದು
‘ಸತ್ಯ ನೋಡು’ ಅಂದ್ಲು.

ಹಲ್ಲಿ ಅಲ್ಲ ಅತ್ತಿ, ಹಾರ್ಡ್ ಡಿಸ್ಕು.
ಅಂಗೈ ಅಗಲದ ಕರೀ ಡಬ್ಬಿ.
ಅದರೊಳಗ ನಾನೂರಾ ಹನ್ನೆರಡು ಖಣ ಅದಾವ.
ಗುಳೇದಗುಡ್ಡದ ಓಣಿ ಓಣಿ ತಿರುಗಿ
ಸ್ಕ್ಯಾನರ್ ಬಗಲಾಗ ಹೊತ್ತು
ಮುದುಕ್ಯಾರ ಟ್ರಂಕ್ ತಗಸಿ ತಂದ ಖಣ.
ಡಾಂಬರ್ ಗುಳಿಗಿ ವಾಸನಿ ಮಾತ್ರ
ಫೈಲಿನ್ಯಾಗ ಬರಲಿಲ್ಲ.

ವೈರ್ ಬದಲಿ ಮಾಡಿದೆ. ಟಕ್.
ಮುಂದಿನ ತೂತಿನಿಂದ ಕಿತ್ತು
ಸಿಪಿಯು ಬೆನ್ನಿನ ತೂತಿಗೆ ಹಾಕಿದೆ,
ಅಲ್ಲಿ ಕರೆಂಟ್ ಗಟ್ಟಿ ಬರ್ತೈತಂತ.
ಟಕ್ ಅನ್ನೂದು ಒಂದೀಟು ತಡಾ ಆತು, ಅಷ್ಟ.
ಫ್ಯಾನ್ ಬಂದ್ ಮಾಡಿ, ಫ್ರಿಜ್ ಬಂದ್ ಮಾಡಿ,
ಮಗಳ ಬಾಯಿ ಬಂದ್ ಮಾಡಿ ಕೇಳಿದೆ:
ಟಕ್ ಅನ್ನೂದರ ಕೆಳಗ ಇನ್ನೊಂದು ಐತಿ,
ಝುಂ ಅಂತ,
ತತ್ರಾಣಿ ಬಾಯಾಗ ಯಾರೋ ಊದಿದಂಗ.

ಅಂಬಾಸಾ ಕಾಕಾನ್ನ ಕರದೆ.
ಮೂವತ್ತೊಂದು ವರ್ಷ ಪವರ್‌ಲೂಮ್ ರಿಪೇರಿ;
ಎಡಗಿವಿ ಪೂರಾ ಹೋಗೈತಿ, ಬಲಗಿವಿ ಹೋಗಾಕತ್ತೈತಿ.
‘ಸದ್ದು ಹುಡುಕಾಕ ಕಿವುಡನ್ನ ಕರೀತಾರೇನು’
ಅಂದ್ಲು ಅತ್ತಿ, ನನಗ ಕೇಳುವಂಗ, ಅವಗ ಕೇಳದಂಗ.
ಅಂವ ಉದ್ದಂದೊಂದು ಸ್ಕ್ರೂಡ್ರೈವರ್ ತಗದು
ತುದಿ ಡಬ್ಬಿ ಮ್ಯಾಲಿಟ್ಟ,
ಹಿಡಿಕಿ ಹಲ್ಲಾಗ ಕಚ್ಚಿದ,
ಕಣ್ಣು ಮುಚ್ಚಿದ.
ಗಲ್ಲದ ಎಲುಬು ಕೇಳಾಕತ್ತಿತ್ತು.
ಮಗಳು ತಾನೂ ಒಂದು ಪೆನ್ಸಿಲ್ ಕಚ್ಚಿ ಬಾಜೂಕ ನಿಂತ್ಲು.

‘ಇದರಾಗ ಇಬ್ಬರದಾರವಾ.
ಒಬ್ಬಾಂವ ಬರೇ ಗೊಣಗಾಂವ.
ತಪ್ಪು ಅವಂದಲ್ಲ, ನಿನ್ನ ತಗಡಿನ ಟೇಬಲ್ಲಂದು,
ಏನರ ಮೆತ್ತಂದು ಕೆಳಗ ಹಾಸು.
ಇನ್ನೊಬ್ಬಾಂವ…’
ಸ್ಕ್ರೂಡ್ರೈವರ್ ಲುಂಗಿಗೆ ಒರಸಿಕೊಂಡ.
‘ಲಾಳಿ ಹೋಗ್ತೈತಿ, ದಡಾ ಮುಟ್ಟಾಂಗಿಲ್ಲ.
ತಿರುಗಿ ಬರ್ತೈತಿ, ಮತ್ತ ಹೋಗ್ತೈತಿ.
ಎಳಿ ಎಲ್ಲಿ ಬಿಟ್ಟಿದ್ದೆ ಅನ್ನೂದ
ಅದಕ್ಕ ಮರತೈತಿ.’

‘ಬಿಚ್ಚಲೇನು ಕಾಕಾ?’
‘ಬಿಚ್ಚಬ್ಯಾಡ. ಓಡೂತನ ಓಡಲಿ.
ಅಷ್ಟರಾಗ ನೇದಷ್ಟು ಕೊಯ್ಕೊ.’

ಚಾ ಕುಡಿಯೂ ಮುಂದ ನಗತಾ ಅಂದ:
‘ಊರಿನ ಲೂಮ್ ಎಲ್ಲಾ ನಿಂತ ಮ್ಯಾಲೆ
ನನ್ನ ಕಿವ್ಯಾಗ ಎರಡು ಓಡ್ತಾವ.
ಅವಕ್ಕ ಏನು ಹಾಸಲಿ?’

ಒಂದು ಖಣ ನಾಕು ಮಡಿಚಿ ಡಬ್ಬಿ ಕೆಳಗಿಟ್ಟೆ.
ಗೊಣಗಾಂವ ಅಲ್ಲೇ ಸುಮ್ಮನಾದ.
ಇನ್ನೊಬ್ಬಾಂವ ಈಗ ಮತ್ತಷ್ಟು ಚೊಕ್ಕ ಕೇಳಾಕತ್ತಿದ.

ಬಾಗಲಕೋಟಿಂದ ಸಂಜಿ ಬಸ್ಸಿಗೆ
ಕಂಡಕ್ಟರ್ ಕೈಯಾಗ ಹೊಸಾ ಡಿಸ್ಕ್ ಬಂತು.
ರಾತ್ರಿ ಹತ್ತಕ್ಕ ಕಾಪಿ ಹಚ್ಚಿದೆ.
ಲಕ್ಷ್ಮೀಪಾದ ಬಂತು, ಸೂಜಿಮಲ್ಲಿಗಿ ಬಂತು,
ಬೂದಿಹಾಳದ ಚನ್ನವ್ವನ ತೊಟ್ಟಿಲ ಖಣ
ಅಂಚಿನ ಹಾಲಿನ ಕಲಿ ಸೈತ ಬಂತು.
ಒಂದರಾಗ ನಿಂತಿತು. ಟಕ್. ಟಕ್. ಟಕ್.
ಬಿಡು, ಮುಂದಿಂದಕ್ಕ ಹೋಗು ಅಂದೆ.
ಹೋತು.

ನಸುಕಿನ ನಾಲ್ಕಕ್ಕ ಲೆಕ್ಕ ಹಾಕಿದೆ:
ಹನ್ನೊಂದು ಬಂದಿಲ್ಲ.
ಹೆಸರು ಬರೀದ ಬರೇ ನಂಬರ್ ಕೊಟ್ಟ ಆಲಸಿ ನಾ;
ಹೋದವು ಯಾವು ಅಂತ ತಿಳೀಬೇಕಂದ್ರ
ಉಳಿದ ನಾನೂರಾ ಒಂದನ್ನೂ
ಒಂದೊಂದ ತಗದು ನೋಡಬೇಕು.

ಹಿಂದಿನ ಓಣ್ಯಾಗ ಮೊದಲನೇ ಲೂಮ್ ಎದ್ದಿತು.
ಅತ್ತಿ ಎದ್ದು ಬಂದು ಕೇಳಿದ್ಲು, ‘ಎಲ್ಲಾ ಸಿಕ್ಕುವೇನು?’
‘ಎಲ್ಲಾ ಅಲ್ಲ. ಮತ್ತ ಹನ್ನೊಂದು ಮನಿ ತಿರುಗಬೇಕು.
ಕೊಡ್ತಾರೋ ಇಲ್ಲೋ.’
‘ಕೊಡ್ತಾರ ತಗೊ. ಮುದುಕ್ಯಾರಿಗೆ
ಟ್ರಂಕ್ ತಗ್ಯಾಕ ಒಂದು ನೆವ ಬೇಕಿರತೈತಿ.’

ಡಬ್ಬಿ ಟಕ್ ಅಂತು.
ಹಲ್ಲಿ ಅಲ್ಲ ಅಂತ ಗೊತ್ತಿದ್ದೂ
ಬಗ್ಗಿ ಬಡದ್ಲು ನೆಲಕ್ಕ,
ಮೂರು ಸಲ.