ಮೊನೆ ಮುಚ್ಚಿದ ಗಾಳ

ಈ ಡಬ್ಬಿಯ ಖಾನೆಗಳಲ್ಲಿ ಮೊದಲು ಗುಂಡಿಗಳಿದ್ದವು,
ಕೋಟಿನವು, ಜಂಪರಿನವು, ಪೊಲೀಸರ ಖಾಕಿಯ ಹಿತ್ತಾಳೆಯವು.
ಈಗ ಗಾಳ.
ನಲವತ್ತು ವರ್ಷ ಸೂಜಿ ಹಿಡಿದವನ ಕಣ್ಣಿಗೆ
ಗಾಳವೆಂದರೆ ಹೊಲಿಯುತ್ತ ಹೊಲಿಯುತ್ತ
ತೂಕಡಿಸಿ ಬಾಗಿದ ಸೂಜಿ.

ಅಳಿಯ ದಸ್ತಗೀರ ಮಿರಜಿನಿಂದ ಕಳಿಸಿದ ಪಾಕೀಟಿನಲ್ಲಿ
ರಬ್ಬರಿನ ಹುಳ, ರಬ್ಬರಿನ ಕಪ್ಪೆಮರಿ.
ಮೂಸಿದರೆ ಬಡೇಸೋಪಿನ ವಾಸನೆ:
ಊಟ ಮುಗಿಸಿ ಬಂದಂತಿವೆ,
ಊಟವಾಗಲು ಹೊರಟವು.

ರುಕ್ಕವ್ವ ಬಾರಕೇರ ಹರಿಗೋಲು ತಿರುಗಿಸುತ್ತ ನಕ್ಕಳು:
"ಟೇಲರಣ್ಣಾ, ಎರಿಹುಳಾ ತೀರಿ ಹೋದುವೇನ ಭೂಮಿ ಮ್ಯಾಲ?
ಮೀನಿಗೂ ರೆಡಿಮೇಡ್ ತಂದಿ?"
ರೆಡಿಮೇಡ್ ಎಂಬ ಮಾತು ನನಗೆಲ್ಲಿ ನಾಟುತ್ತದೆಂದು
ಅವಳಿಗೆ ಗೊತ್ತು.

ನೆಟ್ಟ ಕಡ್ಡಿಯ ಗಾಳ ಬಯಲು ನೀರಿಗೆ ಸರಿ,
ಹೆರಕಲ್ ಕಡೆಯ ಮರಳಿನ ಮೇಲೆ.
ತೆಳು ತಂತಿಯದು ನಾಜೂಕು;
ಮುರಲ ಮೀನು ಒಮ್ಮೆ ತಲೆ ಒದರಿದರೆ
ಗುಂಡುಸೂಜಿಯಾಗಿ ಮರಳುತ್ತದೆ.
ಮೂರು ಮುಳ್ಳಿನದು ಸಾಹುಕಾರನ ಕೈ,
ಹೋದಲ್ಲೆಲ್ಲ ಏನಾದರೂ ಹಿಡಿದೇ ಬರುತ್ತದೆ,
ಮೀನೊಂದನ್ನು ಬಿಟ್ಟು.

ಇಲ್ಲಿ, ಹಳೇ ಬಾಗಲಕೋಟೆಯ ಅಂಚಿನ ಈ ಹಿನ್ನೀರಿನಲ್ಲಿ,
ಬ್ಯಾಸಿಗೆಗೆ ಬೆಳೆದ ಜಾಲಿ ಶ್ರಾವಣಕ್ಕೆ ಮುಳುಗಿ
ಮುಳ್ಳು ಸಮೇತ ನಿಂತಿದೆ.
ಅದರ ಬುಡಕ್ಕೆ ಗೋಡೆ,
ಗೋಡೆಗೆ ಯಾರದೋ ಎಮ್ಮೆಯ ಗೂಟ.
ಮುರಲ ಬಯಲಿಗೆ ಬಾರದು.
ಹೊಸ್ತಿಲ ಮೇಲೆಯೇ ಕೂತಿರುತ್ತದೆ,
ಬಾಡಿಗೆ ಕೊಡದ ಹೊಸ ಒಕ್ಕಲು.

ಇಲ್ಲಿಗೆ ಬೇಕು ಡೊಂಕು ಕತ್ತಿನ, ಅಗಲ ಹೊಟ್ಟೆಯ ಗಾಳ.
ಹುಳದ ಮೂಗಿಗೆ ಜೋಳದ ಕಾಳಿನಷ್ಟು ಆಳ ಚುಚ್ಚಿ,
ಹೊರತೆಗೆದು, ಡೊಂಕಿನ ತನಕ ಎಳೆದು, ತಿರುವಿ,
ಹೊಟ್ಟೆಯಿಂದ ಬೆನ್ನಿಗೆ ದಾಟಿಸಿ,
ಮೊನೆಯನ್ನು ಬೆನ್ನಿನ ತೊಗಲೊಳಗೆ ಒಂದೆಳೆ ಮರೆಸಬೇಕು.
ತುರಪಿ ಹೊಲಿಗೆಯೂ ಇದೇ ಅಲ್ಲವೆ,
ಹೊರಗೆ ಕಾಣದು, ಜಗ್ಗಿದಾಗ ಮಾತ್ರ ಇದೆ.
ಹುಳ ನೆಟ್ಟಗೆ ಮಲಗಬೇಕು.
ಸುಕ್ಕು ಬಿತ್ತೋ, ಅಳತೆ ತಪ್ಪಿದೆ, ಬಿಚ್ಚು.
ದಪ್ಪ ಹುಳಕ್ಕೆ ಇನ್ನೂ ಅಗಲದ್ದು ಹುಡುಕು:
ದಪ್ಪ ತೋಳಿನವನಿಗೆ ಬಗಲು ಬಿಗಿ ಹೊಲಿದರೆ
ಕೈ ಎತ್ತಿದ ದಿನ ಅಂಗಿ ಹೋಯಿತು.

ಹಾಗೆ ತೊಡಿಸಿ ಎಸೆದೆ.
ಜಾಲಿಯ ಮುಳ್ಳನ್ನು ಸವರಿಕೊಂಡು, ಗೋಡೆಯ ತಲೆ ಹತ್ತಿ ಇಳಿದು,
ಯಾವುದಕ್ಕೂ ಸಿಗದೆ ಹೋಯಿತು ಹುಳ,
ಸಂತೆಯಲ್ಲಿ ಸೆರಗು ಬಿಗಿಹಿಡಿದು ನಡೆವವಳ ಹಾಗೆ.
ಹೊಸ್ತಿಲಿನದು ಬಾಯಿ ಮುಚ್ಚಿತು. ಒತ್ತಿದಾಗಲೇ
ರಬ್ಬರು ಕುಸಿದು ಮೊನೆ ಹೊರಬಿತ್ತು.
ಎರಡು ಕಿಲೋ, ಮೇಲೆ ಒಂದು ಚಟಾಕು.
ರುಕ್ಕವ್ವ ಏನೂ ಅನ್ನಲಿಲ್ಲ.
ಮರುದಿನ ಎರಡು ಹುಳ ಕಡ ಕೇಳಿದಳು.

ಇಷ್ಟು ಗೊತ್ತಿದ್ದೂ
ಒಂದು ಸಂಜೆ ಬೇಕೆಂದೇ ಬೆತ್ತಲೆ ಗಾಳ ಕಟ್ಟಿದೆ.
ಮಸೀದಿಯ ಮಿನಾರು ಎಡಕ್ಕೆ, ಬೇವಿನ ಒಣತಲೆ ಬಲಕ್ಕೆ,
ನಡುವೆ ಹದಿನೇಳು ಮಾರು. ಟೇಪು ಬೇಡ ನನಗೆ.
ಎಸೆದೆ.
ಮುಳುಗಿತು, ತಳ ಮುಟ್ಟಿತು, ಜಗ್ಗಿದೆ,
ಹಿಡಿಯಿತು.

ಬಾಗಿಲ ಚೌಕಟ್ಟೋ,
ಫಲಕ ತೂಗಿದ್ದ ಕೊಕ್ಕೆಯೋ,
ಬರೀ ಜಾಲಿಯ ಬೇರೋ.
ದಾರ ಬಿಗಿದು ಗಾಳಿಗೆ ಸಣ್ಣಗೆ ಗುಂಯ್ ಅಂದಿತು,
ಎಣ್ಣೆ ಹಾಕಿದ ದಿನ ನನ್ನ ಮಷೀನು ಅನ್ನುತ್ತಿದ್ದ ಹಾಗೆ.
ನಾನು ಎಳೆಯಲಿಲ್ಲ. ಬಿಡಲೂ ಇಲ್ಲ.
ಬೆರಳಿಗೆ ದಾರ ಕುಯ್ಯತೊಡಗಿತು.

"ಏನ ಬಿತ್ತು?" ರುಕ್ಕವ್ವ ದೂರದಿಂದ.
"ಅಂಗಡಿ," ಅಂದೆ.
"ಎಷ್ಟ ಕಿಲೋ?"

ಹಲ್ಲಿನಲ್ಲೇ ದಾರ ಕಡಿದೆ,
ಹೊಲಿಗೆ ಮುಗಿದಾಗ ಕಡಿಯುತ್ತಿದ್ದ ಅದೇ ಹಲ್ಲು,
ಈಗ ಸ್ವಲ್ಪ ಅಲುಗಾಡುತ್ತದೆ.